ರಾಣಿ ಸತ್ತ ಮೇಲೆ

ಇರುವೆ ಎಂದ ಕೂಡಲೇ ನಮಗೆ ನೆನಪಾಗುವುದು ಸಾಲು. ಸಕ್ಕರೆ ಡಬ್ಬಿಯಿಂದ ಗೋಡೆಯ ಬಿರುಕಿನವರೆಗೆ ಒಂದರ ಹಿಂದೆ ಒಂದು. ಆಮೇಲೆ ನೆನಪಾಗುವುದು ರಾಣಿ, ನೆಲದೊಳಗೆಲ್ಲೋ ಕೂತು ಅಪ್ಪಣೆ ಕೊಡುವವಳು. ಮೂರನೆಯದು ದುಡಿಮೆ. ಸೋಮಾರಿ ಮಕ್ಕಳನ್ನು ಬೈಯುವಾಗ ಮೇಷ್ಟ್ರುಗಳು ಇರುವೆಯನ್ನು ಸಾಕ್ಷಿಗೆ ಕರೆಯುತ್ತ ಬಂದಿದ್ದಾರೆ. ಈ ಮೂರನ್ನೂ ಸುಳ್ಳು ಮಾಡುವ ಇರುವೆಯೊಂದು ನಮ್ಮ ರಾಜ್ಯದಲ್ಲೇ ಇದೆ. ಅದು ಸಾಲು ಕಟ್ಟುವುದಿಲ್ಲ. ಅದರ ರಾಣಿ ಯಾರಿಗೂ ಅಪ್ಪಣೆ ಕೊಡುವುದಿಲ್ಲ, ಆಕೆ ಸತ್ತರೆ ಸಂಸಾರವೂ ಮುಳುಗುವುದಿಲ್ಲ. ದುಡಿಮೆಯ ಮಾತೋ, ಅವಕಾಶ ಸಿಕ್ಕಿತೆಂದರೆ ಅದು ದುಡಿಯುವುದನ್ನೇ ಬಿಟ್ಟುಬಿಡುತ್ತದೆ!

ಇದರ ಶಾಸ್ತ್ರೀಯ ಹೆಸರು ಹಾರ್ಪೆಗ್ನಾಥಸ್ ಸಾಲ್ಟೇಟರ್. ನಾವು ನೆಗೆಯುವ ಇರುವೆ ಎನ್ನೋಣ. 1851ರಲ್ಲಿ ಇದನ್ನು ಮೊದಲು ವರ್ಣಿಸಿ ಹೆಸರಿಟ್ಟವನು ಥಾಮಸ್ ಜೆರ್ಡನ್, ಮದ್ರಾಸ್ ಸೈನ್ಯದ ವೈದ್ಯ. ಹಕ್ಕಿ ನೋಡುವವರಿಗೆ ಅವನ ಹೆಸರು ಗೊತ್ತಿರುತ್ತದೆ. ದಕ್ಷಿಣ ಭಾರತದ ಇರುವೆಗಳ ಮೊದಲ ಪಟ್ಟಿ ಮಾಡಿದವನೂ ಅವನೇ. ಸಿಪಾಯಿಗಳ ಜ್ವರ, ಭೇದಿ ನೋಡಿಕೊಳ್ಳುವ ಕೆಲಸದ ನಡುವೆ ಇಷ್ಟೆಲ್ಲ ಹೇಗೆ ಮಾಡಿದನೋ!

ಪಶ್ಚಿಮ ಘಟ್ಟದ ಕಾಡು, ತೋಟಗಳಲ್ಲಿ ಓಡಾಡುವವರು ಇದನ್ನು ಕಂಡಿರಬಹುದು. ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದ, ಕಂದುಗೆಂಪು ಮೈ, ಮುಂದಕ್ಕೆ ಚಾಚಿದ ಉದ್ದನೆಯ ದವಡೆ. ಇರುವೆಗೆ ಇರಬಾರದಷ್ಟು ದೊಡ್ಡ ಕಣ್ಣು. ನೀವು ಬಗ್ಗಿ ನೋಡಿದರೆ ಅದೂ ತಲೆ ತಿರುಗಿಸಿ ನಿಮ್ಮನ್ನು ನೋಡುತ್ತದೆ. ಇನ್ನಷ್ಟು ಬಗ್ಗಿದರೆ ಠಣ್ಣನೆ ನೆಗೆಯುತ್ತದೆ, 10 ಸೆಂಟಿಮೀಟರಿನಷ್ಟು ದೂರ. ಬೇಟೆಗೆ ನೆಗೆಯುವಾಗ ಅಷ್ಟು ಬೇಕಿಲ್ಲ, ಎರಡು ಸೆಂಟಿಮೀಟರ್ ಸಾಕು. ಹಗಲು ಬೆಳಕಿನಲ್ಲಿ ಒಂಟಿಯಾಗಿ ಅಲೆಯುತ್ತ ಜೇಡ, ಮಿಡತೆಮರಿ, ಜಿರಲೆಮರಿಗಳನ್ನು ಹಿಡಿದು ಚುಚ್ಚುತ್ತದೆ. ಚುಚ್ಚಿದ್ದು ಸಾಯುವುದಿಲ್ಲ, ಸ್ವಾಧೀನ ತಪ್ಪಿ ಬೀಳುತ್ತದೆ. ಜೀವವಿದ್ದರೆ ಕೊಳೆಯುವುದಿಲ್ಲವಲ್ಲ, ಗೂಡಿನ ಮರಿಹುಳುಗಳಿಗೆ ತಾಜಾ ಆಹಾರವಾಗಿ ಉಳಿಯುತ್ತದೆ. ದಾರಿಗುಂಟ ವಾಸನೆ ಬಳಿದು ಅಕ್ಕತಂಗಿಯರನ್ನು ಕರೆಯುವ ರೂಢಿ ಇದಕ್ಕಿಲ್ಲ. ಕಂಡದ್ದನ್ನು ತಾನೇ ಹಿಡಿದು, ತಾನೇ ಹೊತ್ತು ತರುತ್ತದೆ.

ಗೂಡಿನ ವಿಷಯವಾಗಿ ಸ್ವಲ್ಪ ಹೆಚ್ಚು ಹೇಳಬೇಕು. ಇವು ಗೂಡು ಮಾಡುವುದು ನೆಲದಲ್ಲಿ. ನಮ್ಮ ಘಟ್ಟದ ಮಳೆಗಾಲದಲ್ಲಿ ನೆಲದೊಳಗೆ ಬದುಕುವುದೆಂದರೆ ನೀರಿನೊಡನೆ ಜಗಳ. 1994ರಲ್ಲಿ ಕ್ರಿಸ್ಟಿಯನ್ ಪೀಟರ್ಸ್, ಬರ್ಟ್ ಹೋಲ್ಡಾಬ್ಲರ್, ಮಾರ್ಕ್ ಮಾಫೆಟ್ ಮತ್ತು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿ ಸೇರಿ ಈ ಗೂಡಿನ ಕಟ್ಟಡವನ್ನು ವಿವರವಾಗಿ ವರ್ಣಿಸಿದರು. ಮುಖ್ಯ ಕೋಣೆ ಗುಂಡಗಿದೆ. ಅದರ ಚಾವಣಿಗೂ ಹೊರಗಿನ ಮಣ್ಣಿಗೂ ನಡುವೆ ಖಾಲಿ ಜಾಗ ಬಿಟ್ಟಿರುವುದರಿಂದ ಇಳಿದು ಬಂದ ನೀರು ಕೋಣೆಗೆ ನುಗ್ಗದೆ ಪಕ್ಕದಿಂದ ಕೆಳಗೆ ಹರಿದುಹೋಗುತ್ತದೆ. ಒಳಗೋಡೆಗೆ ಮರಿಗಳು ಬಿಟ್ಟುಹೋದ ರೇಷ್ಮೆಕೋಶಗಳ ಚೂರುಗಳನ್ನು ಅಂಟಿಸಿ ಒಳ್ಳೆಯ ಅಸ್ತರು ಕೊಟ್ಟಿರುತ್ತವೆ. ಕಸಕ್ಕೆ ಬೇರೆ ಕೋಣೆ. ಅಲ್ಲಿ ನೊಣದ ಮರಿಹುಳುಗಳು ಅಳಿದುಳಿದದ್ದನ್ನು ತಿಂದುಕೊಂಡಿರುತ್ತವೆ. ಇಷ್ಟು ಅಚ್ಚುಕಟ್ಟಾದ ಮನೆಯಲ್ಲಿ ವಾಸಿಸುವವರು ಎಷ್ಟು ಮಂದಿ? ಅರವತ್ತು ಎಪ್ಪತ್ತು, ಹೆಚ್ಚೆಂದರೆ ನೂರು ಚಿಲ್ಲರೆ.

ಈಗ ಮುಖ್ಯ ವಿಷಯ. ಈ ಗೂಡಿನಲ್ಲಿ ರಾಣಿ ಇದೆ. ಸುಮಾರು ಐದು ವರ್ಷ ಬದುಕುತ್ತದೆ. ಕೆಲಸ ಮಾಡುವ ಇರುವೆಗಳೆಲ್ಲ ಅದರ ಹೆಣ್ಣುಮಕ್ಕಳು, ಅವುಗಳ ಆಯುಸ್ಸು ಏಳು ತಿಂಗಳ ಆಸುಪಾಸು. ರಾಣಿಯ ಮೈಮೇಲಿನ ಮೇಣದಂಥ ಲೇಪಕ್ಕೆ ಒಂದು ವಾಸನೆಯಿದೆ. ಅದು ಗೂಡಿನಲ್ಲಿ ಇರುವವರೆಗೆ ಹೆಣ್ಣುಮಕ್ಕಳ ಅಂಡಾಶಯ ಸುಮ್ಮನಿರುತ್ತದೆ. ರಾಣಿ ಸತ್ತು ಆ ವಾಸನೆ ಆರಿದಾಗ ಗೂಡಿನೊಳಗೆ ಪಂದ್ಯ ಶುರುವಾಗುತ್ತದೆ. ಎರಡೆರಡು ಇರುವೆಗಳು ಎದುರುಬದುರು ನಿಂತು ಕುಡಿಮೀಸೆಗಳಿಂದ ಒಂದನ್ನೊಂದು ಚಟಚಟನೆ ಹೊಡೆಯುತ್ತವೆ. ಒಂದು ಮುಂದೆ ಬಂದರೆ ಇನ್ನೊಂದು ಹಿಂದೆ ಸರಿಯುತ್ತದೆ, ಆಮೇಲೆ ಅದು ಮುಂದೆ, ಇದು ಹಿಂದೆ. ದವಡೆ ಇದೆ, ವಿಷದ ಕೊಂಡಿ ಇದೆ, ಆದರೂ ಈ ಎದುರುಬದುರಿನ ಪಂದ್ಯದಲ್ಲಿ ಅವನ್ನು ಬಳಸುವುದಿಲ್ಲ. ಇದು ನಲವತ್ತು ದಿನಗಳವರೆಗೂ ನಡೆಯಬಹುದು. ಕೊನೆಗೆ ಕೆಲವು ಗೆಲ್ಲುತ್ತವೆ. ಗೆದ್ದದ್ದು ಒಂದೇ ಅಲ್ಲ, ಒಂದಕ್ಕಿಂತ ಹೆಚ್ಚು ಎಂಬುದನ್ನು ಗಮನಿಸಿ. ಸೋತವು ಮತ್ತೆ ಬೇಟೆಗೆ, ಮರಿಗಳ ಆರೈಕೆಗೆ ಮರಳುತ್ತವೆ. ಗೆದ್ದವು ಗೂಡಿನಲ್ಲೇ ಇರುವ ಗಂಡುಗಳೊಡನೆ ಕೂಡಿ ಮೊಟ್ಟೆಯಿಡತೊಡಗುತ್ತವೆ.

ಗೆದ್ದವುಗಳ ಮೈಯಲ್ಲಿ ಆಗುವ ಬದಲಾವಣೆ ನೋಡಿ. ಅಂಡಾಶಯ ಹಿಗ್ಗುತ್ತದೆ. ಏಳು ತಿಂಗಳಿಗೆ ಮುಗಿಯಬೇಕಿದ್ದ ಆಯುಸ್ಸು ಮೂರು ನಾಲ್ಕು ವರ್ಷಕ್ಕೆ ಏರುತ್ತದೆ. ಹೊಸ ಜೀನ್ ಯಾವುದೂ ಬಂದಿಲ್ಲ, ಊಟವೂ ಅದೇ, ಮನೆಯೂ ಅದೇ. ಇನ್ನೊಂದು ಬದಲಾವಣೆಯನ್ನು ಕೇಳಿದರೆ ನಗು ಬರುತ್ತದೆ. ಮಿದುಳು ಕಾಲುಭಾಗದಷ್ಟು ಕುಗ್ಗುತ್ತದೆ! ಕಾರಣ ಸರಳ. ಬೇಟೆಯಾಡಲು, ದಾರಿ ನೆನಪಿಡಲು, ಜೇಡದ ಚಲನೆ ಅಂದಾಜು ಮಾಡಲು ಮಿದುಳು ಬೇಕು. ಕತ್ತಲೆ ಕೋಣೆಯಲ್ಲಿ ಕೂತು ಮೊಟ್ಟೆಯಿಡಲು ಅಷ್ಟು ಬೇಡ. ಮಿದುಳು ದುಬಾರಿ ಅಂಗ. ಅದಕ್ಕೆ ಹೋಗುತ್ತಿದ್ದ ಪೋಷಣೆಯನ್ನು ಉಳಿಸಿ ಮೊಟ್ಟೆಗೆ ಹಾಕಬಹುದು. ಸಿಂಹಾಸನ ಏರಿದವರ ಬುದ್ಧಿ ಕುಗ್ಗುತ್ತದೆ ಎಂದು ಇದರಿಂದ ನೀತಿ ತೆಗೆಯುವ ಆಸೆ ನನಗೂ ಆಗುತ್ತದೆ. ಇರುವೆಗೆ ಅದು ಅನ್ಯಾಯ, ಬಿಡೋಣ.

2021ರಲ್ಲಿ ಕ್ಲಿಂಟ್ ಪೆನಿಕ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗೆದ್ದ ಇರುವೆಗಳಿಗೆ ಬಣ್ಣದ ಗುರುತು ಹಾಕಿ, ಕೆಲವನ್ನು ಕೆಲವು ವಾರ ಗೂಡಿನಿಂದ ದೂರ, ಒಂಟಿಯಾಗಿ ಇಟ್ಟರು. ಮೊಟ್ಟೆಯಿಡುವ ಶಕ್ತಿ ಇಳಿಯಿತು. ಮತ್ತೆ ಗೂಡಿಗೆ ಬಿಟ್ಟಾಗ ಉಳಿದ ಇರುವೆಗಳು ಅವನ್ನು ದವಡೆಯಲ್ಲಿ ಹಿಡಿದು ಅದುಮಿದವು. ಮೊಟ್ಟೆಯಿಡುವವರ ಸಂಖ್ಯೆ ಮಿತಿಮೀರದಂತೆ ಗೂಡು ಮಾಡಿಕೊಂಡ ಏರ್ಪಾಟು ಇದು. ಹಿಡಿತಕ್ಕೆ ಸಿಕ್ಕವು ಮರಳಿ ಕೆಲಸದ ಇರುವೆಗಳಾದವು, ಅಂಡಾಶಯ ಕುಗ್ಗಿತು, ಮಿದುಳು ಮೊದಲಿನ ಗಾತ್ರಕ್ಕೆ ಬೆಳೆಯಿತು. ಒಮ್ಮೆ ಕುಗ್ಗಿದ ಮಿದುಳು ಪೂರ್ತಿ ಬೆಳೆದು ಹಳೆಯ ಸ್ಥಿತಿಗೆ ಬರುವುದನ್ನು ಯಾವ ಕೀಟದಲ್ಲೂ ಅದುವರೆಗೆ ಕಂಡಿರಲಿಲ್ಲ.

ಕೆಲಸದ ಇರುವೆಯೇ ತಾಯಿಯಾಗಬಲ್ಲ ಈ ಗುಣದಿಂದಾಗಿಯೇ ನಮ್ಮ ಘಟ್ಟದ ಇರುವೆ ಪ್ರಪಂಚದ ದೊಡ್ಡ ಪ್ರಯೋಗಾಲಯಗಳನ್ನು ಸೇರಿತು. ಇರುವೆಗಳ ಪೈಕಿ ಮೊಟ್ಟಮೊದಲು ಪೂರ್ತಿ ಜೀನೋಮ್ ಓದಿದ ಎರಡರಲ್ಲಿ ಇದು ಒಂದು, ಅದು 2010ರಲ್ಲಿ. ಅಮೆರಿಕದಲ್ಲಿ ಸಾಕುತ್ತಿರುವ ಈ ಇರುವೆಗಳ ಮೂಲ ಕರ್ನಾಟಕದ ಮಣ್ಣು. ಜೀನ್ ಬದಲಿಸಿದ ಇರುವೆಯನ್ನು ಸಾಕಬೇಕಾದರೆ ಅದು ಮೊಟ್ಟೆಯಿಡಬೇಕಲ್ಲ. ಬೇರೆ ಹೆಚ್ಚಿನ ಇರುವೆಗಳಲ್ಲಿ ರಾಣಿಯೇ ಬೇಕು, ರಾಣಿಯನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿ ಕೂಡಿಸುವುದು ಬಲು ಕಷ್ಟ. ಇಲ್ಲಿ ಹಾಗಿಲ್ಲ, ಯಾವ ಕೆಲಸದ ಇರುವೆಯಾದರೂ ತಾಯಿಯಾಗಬಲ್ಲದು. 2017ರಲ್ಲಿ ವಾಸನೆ ಹಿಡಿಯಲು ಅಗತ್ಯವಾದ ಒಂದು ಜೀನನ್ನು ಇದರಲ್ಲಿ ಕೆಡಿಸಿ ನೋಡಿದರು. ಆ ಇರುವೆಗಳು ಗೂಡು ಬಿಟ್ಟು ಗೊತ್ತುಗುರಿಯಿಲ್ಲದೆ ಅಲೆದವು, ಬೇಟೆ ಹಿಡಿಯಲಾರದೆ ಹೋದವು, ಅಕ್ಕತಂಗಿಯರ ಜೊತೆ ಒಡನಾಟವನ್ನೇ ಕಳೆದುಕೊಂಡವು. ಇರುವೆಯ ಸಮಾಜವನ್ನು ಹಿಡಿದಿಟ್ಟಿರುವುದು ವಾಸನೆ ಎಂದು ಬಹುಕಾಲದಿಂದ ಹೇಳುತ್ತಿದ್ದರು. ಮೂಗು ಕೆಟ್ಟರೆ ಸಂಸಾರವೇ ಕೆಡುತ್ತದೆ ಎಂದು ಅದಕ್ಕೆ ನೇರ ಸಾಕ್ಷಿ ದೊರೆತದ್ದು ಆಗ.

ಬೆಂಗಳೂರಿನ ಉದ್ಯಾನಗಳಲ್ಲೂ ಕಾಣುವ ಡಯಾಕಾಮ ಎಂಬ ಕಪ್ಪಿರುವೆಯ ಕುಲ ಇನ್ನೂ ವಿಚಿತ್ರ. ಇವುಗಳಲ್ಲಿ ರಾಣಿ ಎಂಬ ಪ್ರತ್ಯೇಕ ದೇಹವೇ ಹುಟ್ಟುವುದಿಲ್ಲ. ಹುಟ್ಟಿದ ಪ್ರತಿ ಹೆಣ್ಣಿನ ಎದೆಯ ಮೇಲೆ, ರೆಕ್ಕೆ ಇರಬೇಕಾದ ಜಾಗದಲ್ಲಿ, ಎರಡು ಪುಟ್ಟ ಮೊಗ್ಗುಗಳಿರುತ್ತವೆ. ಅವು ಉಳಿದರೆ ಅದು ತಾಯಿಯಾಗಬಲ್ಲದು. ಮೊಗ್ಗು ಉಳಿಸಿಕೊಂಡ ಒಂದು ಇರುವೆ, ಹೊಸದಾಗಿ ಹುಟ್ಟಿದ ಪ್ರತಿ ತಂಗಿಯ ಮೊಗ್ಗನ್ನೂ ಕಚ್ಚಿ ಕೀಳುತ್ತದೆ. ಮೊಗ್ಗು ಕಳೆದುಕೊಂಡದ್ದರ ನಡವಳಿಕೆ ಅಲ್ಲಿಂದ ಬದಲಾಗಿ ಅದು ಜೀವಮಾನವಿಡೀ ಕೆಲಸದ ಇರುವೆ. ಆದರೆ ನೀಲಗಿರಿಯ ಕಡೆಯ ಒಂದು ಡಯಾಕಾಮದಲ್ಲಿ ಈ ಅಂಗಚ್ಛೇದ ಇಲ್ಲ. ಒಂದೇ ಕುಲದೊಳಗೆ ಇಷ್ಟು ಅಂತರ!

ಇಂಥ ಇರುವೆಗಳನ್ನು ನೋಡಿದರೆ ಅವುಗಳ ಹಳೆಯ ನೆಂಟಸ್ತಿಕೆ ಹೊಳೆಯುತ್ತದೆ. ಇರುವೆ ಮೂಲತಃ ನೆಲಕ್ಕಿಳಿದ ಕಣಜ. ಗೆದ್ದಲು ಇದಕ್ಕೆ ಏನೂ ಅಲ್ಲ, ಅದು ಜಿರಲೆಯ ಬಳಗ. ಇಬ್ಬರೂ ಗೂಡು ಕಟ್ಟುವುದರಿಂದ ನಾವು ಒಟ್ಟಿಗೆ ಸೇರಿಸಿಬಿಟ್ಟಿದ್ದೇವೆ ಅಷ್ಟೆ. ಕಣಜದಿಂದ ಇರುವೆ ಬಂದದ್ದಕ್ಕೆ ಬಹುಕಾಲ ನಡುವಿನ ಕೊಂಡಿ ಸಿಕ್ಕಿರಲಿಲ್ಲ. ಅಮೆರಿಕದ ನ್ಯೂಜೆರ್ಸಿಯ ಕಡಲತೀರದಲ್ಲಿ ಕಲ್ಲು ಆಯುವ ಹವ್ಯಾಸದ ದಂಪತಿಗೆ, ಗಟ್ಟಿಯಾದ ಮರದ ರಾಳದೊಳಗೆ, ಅಂದರೆ ಅಂಬರಿನೊಳಗೆ, ಸಿಕ್ಕಿಕೊಂಡ ಎರಡು ಕೀಟಗಳು ಸಿಕ್ಕವು. ಸುಮಾರು 9 ಕೋಟಿ ವರ್ಷ ಹಳೆಯವು. 1967ರಲ್ಲಿ ಎಡ್ವರ್ಡ್ ವಿಲ್ಸನ್ ಮತ್ತು ಸಂಗಡಿಗರು ಅವನ್ನು ವರ್ಣಿಸಿ ಸ್ಫೆಕೊಮಿರ್ಮ ಎಂದು ಹೆಸರಿಟ್ಟರು. ದವಡೆ ಕಣಜದ್ದು, ಸೊಂಟ ಇರುವೆಯದು. ಎದೆಯ ಹಿಂಭಾಗದಲ್ಲಿ ಇರುವೆಗಳಿಗೆ ಮಾತ್ರ ಇರುವ ಗ್ರಂಥಿಯೂ ಅದರಲ್ಲಿತ್ತು. ಬೂಷ್ಟು, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ರಸ ಅದರಿಂದ ಒಸರುತ್ತದೆ. ತೇವದ ಮಣ್ಣಿನಲ್ಲಿ ನೂರಾರು ಮಂದಿ ಒತ್ತಾಗಿ ಬದುಕುವವರಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇರೆ ಬೇಕೆ! ಆಮೇಲೆ ಬರ್ಮಾದ ಅಂಬರಿನಲ್ಲಿ ಕೆಳಗಿನಿಂದ ಮೇಲಕ್ಕೆ ಕುಡುಗೋಲಿನಂತೆ ಬಾಗಿದ ದವಡೆಯ ಇರುವೆಗಳು ಸಿಕ್ಕವು. 2025ರಲ್ಲಿ ಬ್ರೆಜಿಲಿನಿಂದ 11 ಕೋಟಿ 30 ಲಕ್ಷ ವರ್ಷ ಹಳೆಯ ಇರುವೆಯ ಸುದ್ದಿ ಬಂತು. ನಮ್ಮ ಗುಜರಾತಿನಲ್ಲಿ, ಸೂರತ್ ಬಳಿಯ ಲಿಗ್ನೈಟ್ ಗಣಿಗಳ ಅಂಬರಿನಲ್ಲೂ ಸುಮಾರು 5 ಕೋಟಿ ವರ್ಷದ ಹಿಂದಿನ ಇರುವೆಗಳಿವೆ.

ಕಣಜದಿಂದ ಬಂದ ಇನ್ನೊಂದು ಆಸ್ತಿ ಹುಟ್ಟಿನ ಲೆಕ್ಕ. ತಾಯಿ ವೀರ್ಯ ಸೇರಿಸದೆ ಇಟ್ಟ ಮೊಟ್ಟೆ ಗಂಡಾಗುತ್ತದೆ, ಸೇರಿಸಿ ಇಟ್ಟದ್ದು ಹೆಣ್ಣು. ಹಾಗಾಗಿ ಗಂಡಿರುವೆಗೆ ಅಪ್ಪನಿಲ್ಲ, ಅಜ್ಜ ಇದ್ದಾನೆ. ಒಂದೇ ತಂದೆಯ ಅಕ್ಕತಂಗಿಯರ ನಡುವೆ ಜೀನುಗಳ ಪಾಲು ಮುಕ್ಕಾಲು, ತಾಯಿ ಮಗಳ ನಡುವೆ ಅರ್ಧ. ಮಗಳಿಗಿಂತ ತಂಗಿಯೇ ಹತ್ತಿರ. 1964ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಈ ಲೆಕ್ಕ ಮುಂದಿಟ್ಟು, ಸ್ವಂತ ಮಕ್ಕಳನ್ನು ಬಿಟ್ಟು ತಂಗಿಯರನ್ನು ಸಾಕುವ ಹೆಣ್ಣುಗಳ ಒಗಟನ್ನು ಬಿಡಿಸಲು ನೋಡಿದ. ಲೆಕ್ಕ ಚೆಂದ. ಆದರೆ ಎಲ್ಲ ಕಡೆಯೂ ಹೊಂದುವುದಿಲ್ಲ. ಅನೇಕ ಗಂಡುಗಳನ್ನು ಕೂಡುವ ರಾಣಿಯ ಗೂಡಿನಲ್ಲಿ ಮುಕ್ಕಾಲು ಉಳಿಯುವುದಿಲ್ಲ.

ನನ್ನ ಮಟ್ಟಿಗೆ ಈ ಒಗಟಿನ ಮೇಲೆ ಹೆಚ್ಚು ಬೆಳಕು ಕೊಡುವುದು ಗೂಡಿನ ಗಾತ್ರ. ನೆಗೆಯುವ ಇರುವೆಯ ಗೂಡಿನಲ್ಲಿ ನೂರು ಮಂದಿ. ಅಲ್ಲಿ ಪ್ರತಿಯೊಬ್ಬರಿಗೂ ಏನಾದರೂ ಆಗುವ ಅವಕಾಶ ಉಳಿದಿದೆ. ಗೂಡು ಲಕ್ಷಕ್ಕೆ ಬೆಳೆದಾಗ ಆ ಅವಕಾಶ ಮುಚ್ಚಿಹೋಗುತ್ತದೆ. ಇದನ್ನು ನೋಡಲು ಕಾಡಿಗೆ ಹೋಗಬೇಕಿಲ್ಲ, ಮನೆ ಹಿಂದಿನ ಮಾವಿನ ಮರದಲ್ಲಿ ಚಗಳಿ ಇರುವೆ ಇದ್ದರೆ ಸಾಕು.

ಮಲೆನಾಡಿನವರಿಗೆ ಚಗಳಿಯನ್ನು ಪರಿಚಯಿಸುವ ಅಗತ್ಯವಿಲ್ಲ, ಕಾಫಿ ಕುಯ್ಯುವವರಂತೂ ಅದರ ಹೆಸರೆತ್ತಿದರೆ ಕುತ್ತಿಗೆ ಕೆರೆದುಕೊಳ್ಳುತ್ತಾರೆ. ಇದು ಚುಚ್ಚುವುದಿಲ್ಲ, ಕಚ್ಚಿ, ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮುತ್ತದೆ. ಆ ಹುಳಿಗಾಗಿಯೇ ಇದರ ಚಟ್ನಿ ಮಾಡುವವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳ ಮನೆಗಳಲ್ಲಿ ಅದು ಹಳೆಯ ಅಡುಗೆ. ಒಂದು ಸಂಸಾರ ಹಲವು ಮರಗಳಲ್ಲಿ ಹತ್ತಾರು ಗೂಡು ಮಾಡಿ ಐದು ಲಕ್ಷದವರೆಗೂ ಬೆಳೆಯಬಹುದು. ಇಡೀ ಸಂಸಾರಕ್ಕೆ ಸಾಮಾನ್ಯವಾಗಿ ರಾಣಿ ಒಂದೇ. ಗೂಡು ಕಟ್ಟುವಾಗ ದೊಡ್ಡ ಇರುವೆಗಳು ಒಂದರ ಸೊಂಟ ಇನ್ನೊಂದು ಹಿಡಿದು ಸರಪಳಿಯಾಗಿ ಎರಡು ಎಲೆಗಳ ಅಂಚನ್ನು ಹತ್ತಿರ ಎಳೆದು ನಿಲ್ಲುತ್ತವೆ. ಉಳಿದವು ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು, ಅತ್ತಿಂದಿತ್ತ ಆಡಿಸಿ, ಅವುಗಳ ಬಾಯಿಂದ ಬರುವ ರೇಷ್ಮೆಯಿಂದ ಎಲೆಗಳನ್ನು ಹೊಲಿಯುತ್ತವೆ. ಆ ರೇಷ್ಮೆ ಮರಿಹುಳು ತನಗೆ ಕೋಶ ಕಟ್ಟಿಕೊಳ್ಳಬೇಕಾದದ್ದು. ಗೂಡಿಗೆ ಕೊಟ್ಟಮೇಲೆ ಅದಕ್ಕೆ ಕೋಶವಿಲ್ಲ, ಬೆತ್ತಲೆಯಾಗಿಯೇ ಬೆಳೆದು ಇರುವೆಯಾಗುತ್ತದೆ. ಇನ್ನು ಮುದಿಯಾದವು ಗಡಿಯ ಮರಗಳ ಗೂಡುಗಳಿಗೆ ಹೋಗಿ ನೆಲೆಸುತ್ತವೆ. ನೆರೆಯ ಸಂಸಾರದೊಡನೆ ಜಗಳವಾದರೆ ಮೊದಲು ಸಾಯುವುದು ಅವೇ. ಇಲ್ಲಿ ಕುಡಿಮೀಸೆಯ ಪಂದ್ಯವಿಲ್ಲ. ರಾಣಿ ಸತ್ತರೆ ಕೆಲಸದ ಇರುವೆಗಳು ಗಂಡುಮೊಟ್ಟೆ ಇಡಬಹುದೇ ಹೊರತು ಮತ್ತೊಂದು ರಾಣಿಯಾಗಲಾರವು. ಕೆಲವು ತಿಂಗಳಲ್ಲಿ ಸಂಸಾರ ಕರಗುತ್ತದೆ. ಐದು ಲಕ್ಷದ ಬಲ, ಒಂದು ಜೀವದ ಮೇಲೆ ನಿಂತದ್ದು.

ಇವೆರಡರ ನಡುವೆ ಎಷ್ಟೋ ಬಗೆಗಳಿವೆ. ಗೆದ್ದಲಿನ ಮೇಲೆ ದಾಳಿಗೆ ಹೊರಡುವ ಲೆಪ್ಟೋಜೆನಿಸ್ ಎಂಬ ಇರುವೆಯ ಹಾದಿಗಳು ಏಕೆ ಕವಲೊಡೆಯುತ್ತವೆ ಎಂದು ಕೇಳಿ 1991ರಲ್ಲಿ ಪ್ರಬಂಧ ಬರೆದವರು, ಕಾದಂಬರಿಕಾರರಾಗಿ ನಿಮಗೆ ಪರಿಚಿತರಾದ ಕೆ.ಎನ್. ಗಣೇಶಯ್ಯ ಮತ್ತು ಟಿ. ವೀಣಾ. ಇರುವೆಗಳಿಗೆ ಬೇರೆ ಜೀವಿಗಳೊಡನೆಯೂ ನಂಟಿದೆ. ಘಟ್ಟದ ಹಂಬೋಲ್ಟಿಯ ಎಂಬ ಚಿಕ್ಕ ಮರ ತನ್ನ ಟೊಳ್ಳು ಕಾಂಡದಲ್ಲಿ ಇರುವೆಗಳಿಗೆ ಬಾಡಿಗೆಯಿಲ್ಲದೆ ಮನೆ ಕೊಡುತ್ತದೆ, ಎಲೆಯಿಂದ ಮಕರಂದವನ್ನೂ ಒಸರಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಿಸ್ ಅವರ ತಂಡ ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಕಂದು ಮರಕುಟಿಗ ಎಂಬ ಹಕ್ಕಿ, ಕ್ರೆಮಟೋಗ್ಯಾಸ್ಟರ್ ಇರುವೆಗಳು ಮರದ ಮೇಲೆ ಕಟ್ಟಿದ ಗೂಡನ್ನೇ ಕೊರೆದು ಅದರೊಳಗೆ ಮೊಟ್ಟೆಯಿಡುತ್ತದೆ. ಆ ಹಕ್ಕಿಯ ಮುಖ್ಯ ಆಹಾರ ಇರುವೆ!

ಪ್ರಪಂಚದಲ್ಲಿ ಹೆಸರಿಟ್ಟ ಇರುವೆ ಪ್ರಭೇದಗಳು 14,000ಕ್ಕೂ ಹೆಚ್ಚು. 2016ರ ಪಟ್ಟಿಯ ಪ್ರಕಾರ ಭಾರತದಲ್ಲಿ ಉಪಪ್ರಭೇದಗಳೂ ಸೇರಿ 828. ಭೂಮಿಯ ಮೇಲೆ ಒಟ್ಟು ಎಷ್ಟು ಇರುವೆಗಳಿವೆ ಎಂದು 2022ರಲ್ಲಿ ಒಂದು ಅಂದಾಜು ಮಾಡಿದ್ದಾರೆ. ಎರಡರ ಮುಂದೆ ಹದಿನಾರು ಸೊನ್ನೆ. ತಲೆಗೆ ಇಪ್ಪತ್ತೈದು ಲಕ್ಷದಂತೆ ನಮ್ಮ ಪಾಲಿಗೆ ಬರುತ್ತವೆ. ಕಾಡುಪ್ರಾಣಿ ಮತ್ತು ಹಕ್ಕಿಗಳೆಲ್ಲವನ್ನೂ ಒಟ್ಟಿಗೆ ತೂಗಿದರೂ ಇರುವೆಗಳ ತೂಕವೇ ಹೆಚ್ಚು.

ಕೊನೆಯದಾಗಿ, ಕರಾವಳಿಯಲ್ಲಿ ಗೇರು ಬೆಳೆಯುವ ಕೇಳುಗರಿಗೆ ಎರಡು ಮಾತು. ಗೇರಿನ ಚಿಗುರು, ಹೂಗೊಂಚಲನ್ನು ಹೀರಿ ಕರಕಲು ಮಾಡುವ ಟೀ ಸೊಳ್ಳೆ ನಿಮಗೆ ಗೊತ್ತು. ಕಾಸರಗೋಡಿನಲ್ಲೂ ನಮ್ಮ ಕೊಕ್ಕಡದ ಕಡೆಯೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಇದೇ ಕೀಟದ ಹೆಸರಿನಲ್ಲಿ. ಆ ವಿಷದಿಂದ ಆ ಊರುಗಳು ಪಟ್ಟ ಪಾಡು ನಿಮಗೆ ಗೊತ್ತೇ ಇದೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಆದರೆ ಉತ್ತರ ಆಸ್ಟ್ರೇಲಿಯದ ಗೇರು ತೋಟಗಳಲ್ಲಿ 1990ರ ದಶಕದಿಂದ ನಡೆದ ಪ್ರಯೋಗಗಳಲ್ಲಿ, ಚಗಳಿ ತುಂಬಿದ ಮರಗಳಿಗೆ ಟೀ ಸೊಳ್ಳೆಯ ಕಾಟ ಬಹಳ ಕಡಿಮೆ ಎಂದು ಕಂಡುಬಂತು. ಇದು ಹೊಸ ಜ್ಞಾನವೂ ಅಲ್ಲ. ಚೀನಾದ ಕಿತ್ತಳೆ ತೋಟಗಳ ರೈತರು ಚಗಳಿ ಗೂಡುಗಳನ್ನು ಕೊಂಡು ತಂದು ಮರಕ್ಕೆ ಕಟ್ಟುತ್ತಿದ್ದ ದಾಖಲೆ ಕ್ರಿಸ್ತಶಕ 304ರಷ್ಟು ಹಿಂದಿನದು. ಮರದಿಂದ ಮರಕ್ಕೆ ಇರುವೆ ದಾಟಲಿ ಎಂದು ಅವರು ನಡುವೆ ಬಿದಿರು ಗಳ ಹಾಕುತ್ತಿದ್ದರು.

ತೊಂದರೆಗಳಿಲ್ಲವೆಂದಲ್ಲ. ಚಗಳಿ ಸಿಹಿರಸಕ್ಕಾಗಿ ಹಿಟ್ಟುತಿಗಣೆಗಳನ್ನು ಸಾಕಿಕೊಳ್ಳುತ್ತದೆ, ಮರ ಹತ್ತಿದವರನ್ನು ಬಿಡುವುದಿಲ್ಲ. ಆದರೆ ಗೇರುಬೀಜವನ್ನು ನಾವು ಹೆಚ್ಚಾಗಿ ನೆಲದಿಂದ ಆಯುತ್ತೇವೆ, ಮಾವಿನಂತೆ ಮರ ಹತ್ತಿ ಕೀಳುವುದಿಲ್ಲ. ಎರಡು ಸಂಸಾರಗಳ ಗಡಿಯಲ್ಲಿ ಜಗಳವಾಗದಂತೆ ನಡುವಿನ ಕೊಂಬೆ ಸವರಿ ಬಿಡುವುದು, ಒಂದೇ ಸಂಸಾರದ ಮರಗಳ ನಡುವೆ ಹಗ್ಗ ಕಟ್ಟುವುದು ಮನೆಯವರೇ ಮಾಡಬಹುದಾದ ಕೆಲಸ. ಈ ಸಲ ಚಿಗುರು ಒಡೆಯುವ ಮೊದಲು ತೋಟದಲ್ಲಿ ಒಂದು ಸುತ್ತು ಬಂದು ಯಾವ ಮರದಲ್ಲಿ ಚಗಳಿ ಇದೆ, ಯಾವುದರಲ್ಲಿ ಇಲ್ಲ ಎಂದು ಗುರುತು ಹಾಕಿಕೊಳ್ಳಿ. ಗೂಡುಗಳಿಗೆ ಬೆಂಕಿ ಹಿಡಿಯಬೇಡಿ. ಚಗಳಿ ಇರುವ ಮರಗಳನ್ನು ಬಿಟ್ಟು ಉಳಿದವಕ್ಕೆ ಮಾತ್ರ ಔಷಧಿ ಹೊಡೆದು, ಹೂ ಬಂದಾಗ ಎರಡರ ಗೊಂಚಲನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿ.